ಏಳು ವಾರ ಮೊದಲೇ

ಲಂಡನ್
13 ಜನವರಿ 1958

ಪ್ರೀತಿಯ ಎಡ್ನಾ ಅಕ್ಕ,

ನಮ್ಮ ಆಫೀಸಿಗೆ ಆಗಲೇ ವಸಂತ ಬಂದಿದೆ. ಹೊರಗೆ ಮೂಗು ಉದುರಿಹೋಗುವಷ್ಟು ಚಳಿ, ನನ್ನ ಮೇಜಿನ ಮೇಲೆ ಮಾತ್ರ ಪರದೆ ಒಗೆಯುವ ಬಗೆ, ಮಾರ್ಚ್ ತಿಂಗಳ ಟೋಪಿಗಳು, ಮೊಲದ ಆಕಾರದ ಬಿಸ್ಕತ್ತು. ವಾರಪತ್ರಿಕೆಯ ಬದುಕೇ ಹೀಗೆ. ಇಂದು ನಾವು ಅಚ್ಚಿಗೆ ಕೊಟ್ಟದ್ದು ನಿನ್ನ ಕೈ ಸೇರುವುದು ಏಳು ವಾರದ ಮೇಲೆ. ಬಣ್ಣದ ಪುಟಗಳು ಶುರುವಾದಾಗಿನಿಂದ ಅಚ್ಚಿನ ಮನೆಯವರು ಇದರಲ್ಲಿ ಒಂದು ದಿನವನ್ನೂ ಬಿಟ್ಟುಕೊಡುವುದಿಲ್ಲ. ಫೋಟೋ ಬೇಕಾದದ್ದಕ್ಕಂತೂ ಇನ್ನೂ ಮೊದಲೇ ಓಡಬೇಕು, ಕ್ರಿಸ್‌ಮಸ್ ಪುಡಿಂಗನ್ನು ನಾವು ಬೇಸಗೆ ಮುಗಿಯುವ ಹೊತ್ತಿಗೇ ಬೇಯಿಸಿ, ಫೋಟೋ ತೆಗೆಸಿ, ಬೆವರು ಒರೆಸಿಕೊಳ್ಳುತ್ತ ತಿಂದು ಮುಗಿಸಿರುತ್ತೇವೆ. ನಿಜವಾದ ಕ್ರಿಸ್‌ಮಸ್ ಬಂದಾಗ ಯಾರಿಗೂ ಅದರ ಮುಖ ನೋಡುವ ಮನಸ್ಸಿರುವುದಿಲ್ಲ.

ಸುದ್ದಿ ಏನೆಂದರೆ, ಬರುವ ಜುಲೈಗೆ ನಮ್ಮ ‘ಕಿಚನ್ ವಿಂಡೋ’ಗೆ ಇಪ್ಪತ್ತೈದು ತುಂಬುತ್ತದೆ. ಬೆಳ್ಳಿಹಬ್ಬದ ಸಂಚಿಕೆಗೆ ಪತ್ರಿಕೆಯ ಚರಿತ್ರೆ ಬರೆಯುವ ಕೆಲಸವನ್ನು ಸಂಪಾದಕ ಮಿಸ್ಟರ್ ಆಲ್ಡನ್ ನನ್ನ ತಲೆಗೆ ಕಟ್ಟಿದ್ದಾರೆ. “ಚಿಕ್ಕ ಹುಡುಗಿ ಇದ್ದಾಗಿಂದ ಓದಿದವರಂತೆ, ನೀವೇ ಬರೀರಿ. ನಾನು ಬಂದಿದ್ದು ಮೋಟಾರ್ ಪತ್ರಿಕೆಯಿಂದ, ನನಗೇನು ಗೊತ್ತು?” ಎಂದರು. ಬರೆಯೋಣವೆಂದರೆ ಹಳೆಯ ಸಂಚಿಕೆಗಳೇ ಇಲ್ಲ. ಬಾಂಬು ಬಿದ್ದ ವರ್ಷ ಆಫೀಸಿನ ಜೊತೆಗೆ ಅವೂ ಸುಟ್ಟುಹೋದವು. ಅಮ್ಮ ಸಂಚಿಕೆಗಳನ್ನೆಲ್ಲ ಕೂಡಿಟ್ಟ ಪೆಟ್ಟಿಗೆ ನಿನ್ನ ಹತ್ತಿರ ಇದೆಯಲ್ಲ, ಅದನ್ನು ಕಳಿಸಿಕೊಡುತ್ತೀಯಾ? ಕಣ್ಣಿನ ರೆಪ್ಪೆಯ ಹಾಗೆ ಕಾಪಾಡುತ್ತೇನೆ.

ಕೆದಕಿದಷ್ಟೂ ತಮಾಷೆ ಸಿಗುತ್ತಿದೆ. ಇದನ್ನು ಶುರು ಮಾಡಿದ್ದು ಬಸ್ ಟಿಕೆಟು ಅಚ್ಚು ಹಾಕುತ್ತಿದ್ದ ಅಣ್ಣ ತಮ್ಮ. ಟಿಕೆಟಿನ ಗುತ್ತಿಗೆ ಕೈತಪ್ಪಿ ಯಂತ್ರ ಸುಮ್ಮನೆ ಬಿದ್ದಿತ್ತು, ಹೆಂಡತಿಯರು “ನಮಗೆ ಓದೋಕೆ ಏನಾದ್ರೂ ಹಾಕ್ರಪ್ಪ” ಎಂದರಂತೆ. ಮೊದಲ ಸಂಚಿಕೆಯ ಜೊತೆ ಒಂದು ಪೊಟ್ಟಣ ಸೂಜಿ ಪುಕ್ಕಟೆ. ಅಮ್ಮ ಕೊಂಡಿದ್ದು ಆ ಸೂಜಿಗೇ ಅಲ್ಲವೇ? ಇನ್ನು ಮಿಸೆಸ್ ಮೇ ಫೇರ್‌ವೆದರ್ ವಿಷಯ, ಕೂತುಕೊಂಡು ಓದು. ಆ ಹೆಸರಿನ ಹೆಂಗಸು ಹುಟ್ಟಿಯೇ ಇಲ್ಲ. ಧಾರಾವಾಹಿ ಬರೆಯುವವರು, ಓದುಗರ ಕಷ್ಟಸುಖಕ್ಕೆ ಉತ್ತರ ಬರೆಯುವವರು ಯಾರೇ ಇರಲಿ, ಹೆಸರು ಅದೇ. ಮೊದಲ ಮಿಸೆಸ್ ಫೇರ್‌ವೆದರ್ ಪೈಪ್ ಸೇದುವ ಒಬ್ಬ ನಿವೃತ್ತ ಮೇಷ್ಟರು. ಈಗಿನವಳು ನಾನು.

ಹೊಸ ಧಾರಾವಾಹಿಯನ್ನು ಮೀನು ಹಡಗಿನವರ ಬೀದಿಯಲ್ಲಿ ಇಡಬೇಕೆಂದಿದ್ದೇನೆ. ನಾನು ಊರು ಬಿಟ್ಟು ಬಹಳ ಕಾಲವಾಯಿತು, ಎಷ್ಟೋ ಮರೆತಿದೆ. ಹಡಗು ಹೊರಡುವ ದಿನ ಹೆಂಗಸರು ಏನೇನು ಮಾಡಬಾರದು ಎಂದು ಒಂದು ಸಲ ಬರೆದು ಕಳಿಸು. ವಿಲ್ಫ್ ಭಾವ ಹೇಗಿದ್ದಾರೆ?

ನಿನ್ನ
ಥೆಲ್ಮಾ


ಹೆಸಲ್ ರೋಡ್, ಹಲ್
20 ಜನವರಿ 1958

ನಮ್ಮ ಥೆಲ್ಮಾಗೆ,

ಪೆಟ್ಟಿಗೆಯನ್ನು ರೈಲಿಗೆ ಹಾಕಿಸಿದ್ದೇನೆ. ಯುದ್ಧದ ಕಾಲದ ಸಂಚಿಕೆಗಳು ಮೇಲಿವೆ, ಕಾಗದ ಎಷ್ಟು ತೆಳುವೆಂದರೆ ಈ ಕಡೆಯ ಸೂಪು ಆ ಕಡೆಯ ಸ್ವೆಟರಿನಲ್ಲಿ ಕಾಣುತ್ತದೆ. ಆಗ ಅಂಗಡಿಗೆ ಎಣಿಸಿದಷ್ಟೇ ಪ್ರತಿ ಬರುತ್ತಿದ್ದವಲ್ಲ, ಪಕ್ಕದ ಬೀದಿಯ ಮುದುಕಿ ಸತ್ತಾಗ ಅವಳ ಪಾಲಿನ ಪ್ರತಿ ತನಗೆ ಬರಲಿ ಎಂದು ಅಮ್ಮ ಹೆಣ ಎತ್ತುವ ಮೊದಲೇ ಪೇಪರ್ ಅಂಗಡಿಗೆ ಓಡಿದ್ದು ನಿನ್ನ ಚರಿತ್ರೆಯಲ್ಲಿ ಬರಲಿ. ಮೀನಿಗೆ ಹೊಗೆ ಕೊಡುವ ಹೊಗೆಮನೆಯಲ್ಲಿ ಅದನ್ನು ಕಟ್ಟುತ್ತಿದ್ದ ಕೈಯಲ್ಲೇ ಓದುತ್ತಿದ್ದಳಲ್ಲ, ಅವಳ ವಾಸನೆ ಇನ್ನೂ ಆ ಪುಟಗಳಲ್ಲಿದೆ. ನಿನ್ನ ಆಫೀಸಿನವರು ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ಕೆಲಸ ಮುಗಿದ ಮೇಲೆ ಹಾಗೆಯೇ ವಾಪಸ್ ಕಳಿಸು, ಅಮ್ಮನದೆಂದು ನನ್ನ ಹತ್ತಿರ ಇರುವುದು ಅದೊಂದೇ.

ಮಿಸೆಸ್ ಫೇರ್‌ವೆದರ್ ಕಥೆ ಓದಿ ಮೊದಲು ನಕ್ಕೆ, ಆಮೇಲೆ ಸಿಟ್ಟು ಬಂತು. ಅಪ್ಪ ಹೋದಾಗ ಅಮ್ಮ ಅವಳಿಗೆ ಪತ್ರ ಬರೆದಿದ್ದಳು. ಉತ್ತರ ಬಂದ ದಿನ, “ಗಂಡನ್ನ ಕಳಕೊಂಡವಳೇ ಇರಬೇಕು ಕಣೇ ಎಡ್ನಾ, ಇಲ್ಲಾಂದ್ರೆ ಇಷ್ಟು ತಿಳಿಯೋಲ್ಲ” ಎಂದು ಅತ್ತಳು. ಪಾದ್ರಿ ಬಂದು ಹೇಳಿದ್ದನ್ನು ಅವಳು ಇಷ್ಟು ನಂಬಿರಲಿಲ್ಲ. ಪೈಪ್ ಸೇದುವ ಮೇಷ್ಟರಂತೆ. ಅಮ್ಮ ಈಗ ಇಲ್ಲದಿರುವುದೇ ಒಳ್ಳೆಯದಾಯಿತು.

ನೀನು ಕೇಳಿದ್ದಕ್ಕೆ ಬರುತ್ತೇನೆ. ಹಡಗು ಹೊರಡುವ ದಿನ ಬಟ್ಟೆ ಒಗೆಯಬಾರದು, ಒಗೆದರೆ ಗಂಡನನ್ನೇ ನೀರಿಗೆ ಬಿಟ್ಟಂತೆ. ಬಾಗಿಲಲ್ಲಿ ನಿಂತು ಕೈ ಬೀಸಬಾರದು, ಹೋಗಿ ಬಾ ಎನ್ನಬಾರದು. ಬಂದರಿಗೆ ಅಂತೂ ಕಾಲಿಡಲೇಬಾರದು. ವಿಲ್ಫ್ ಚೀಲ ಹೆಗಲಿಗೇರಿಸಿ ಟ್ಯಾಕ್ಸಿ ಹತ್ತುತ್ತಾನೆ, ನಾನು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿರುತ್ತೇನೆ, ಅಷ್ಟೇ. ಮೂರು ವಾರ ಕಳೆದು ಅವನು ಬರುವ ದಿನ ಅವನ ಮನೆಚಪ್ಪಲಿಯನ್ನು ಓವನ್ನಿನಲ್ಲಿಟ್ಟು ಬೆಚ್ಚಗೆ ಮಾಡುತ್ತೇನೆ, ಅದು ಯಾವ ಶಾಸ್ತ್ರವೂ ಅಲ್ಲ, ನನ್ನ ಹುಚ್ಚು.

ವಿಲ್ಫ್ ಚೆನ್ನಾಗಿದ್ದಾನೆ. ಶರತ್ಕಾಲದಲ್ಲಿ ಐಸ್‌ಲ್ಯಾಂಡಿನ ಕಡೆ ಒಂದು ಹಡಗು ಮೈಮೇಲೆ ಹಿಮ ಕಟ್ಟಿ ಅದರ ಭಾರಕ್ಕೆ ಮುಳುಗಿತಲ್ಲ, ಅದರಲ್ಲಿ ಇವನ ಗೆಳೆಯನೂ ಇದ್ದ. ಆಗಿನಿಂದ ಮಾತು ಸ್ವಲ್ಪ ಕಡಿಮೆ. ಈ ಹಡಗಿನವರ ಜಾತಿಯೇ ಹಾಗೆ, ಗಂಟಲಲ್ಲಿ ಸಿಕ್ಕಿದ್ದನ್ನು ಬಿಯರು ಕುಡಿದು ಇಳಿಸುತ್ತಾರೆ. ನಾನು ಕೇಳಿಲ್ಲ.

ಎಡ್ನಾ


ಲಂಡನ್
10 ಮಾರ್ಚ್ 1958

ಪ್ರೀತಿಯ ಅಕ್ಕ,

ಉತ್ತರ ತಡವಾಯಿತು, ಬೈಯಬೇಡ. ಪೆಟ್ಟಿಗೆ ತೆಗೆದ ದಿನ ಆಫೀಸಿನ ಹುಡುಗಿಯರೆಲ್ಲ ಸುತ್ತ ನೆರೆದರು. ಯುದ್ಧದ ಕಾಲದ ಮೊಟ್ಟೆಯಿಲ್ಲದ ಕೇಕು, ಪ್ಯಾರಾಚೂಟ್ ಬಟ್ಟೆಯ ಪೆಟಿಕೋಟು, ‘ನಿಮ್ಮವರು ಮರಳಿದಾಗ ಅವರು ಬದಲಾಗಿರಬಹುದು’ ಎಂಬ ಆ ಲೇಖನ. ಅದನ್ನು ಬರೆದವರೂ ಮೇಷ್ಟರೇ ಅಂತೆ, ಮಗ ಯುದ್ಧದಲ್ಲಿ ಸೆರೆಯಾಗಿದ್ದನಂತೆ. ಹೀಗಾಗಿ ಅಮ್ಮ ಪೂರ್ತಿ ಮೋಸ ಹೋಗಿರಲಿಲ್ಲ ಎಂದುಕೊಳ್ಳುತ್ತೇನೆ.

ಈ ಶನಿವಾರ ಧಾರಾವಾಹಿ ಶುರು, ‘ಬಂದರಿನ ಬೀದಿ’ ಎಂದು ಹೆಸರು. ನಾಯಕಿ ಗ್ವೆನ್, ಅವಳ ಗಂಡ ರಾಬರ್ಟ್. ಅವಳ ಕೂದಲು ಕೆಂಪು, ನಿನ್ನದರ ಹಾಗಲ್ಲ, ಆದ್ದರಿಂದ ಓದಿ ಮುಖ ಊದಿಸಿಕೊಳ್ಳಬೇಡ. ಹತ್ತು ಲಕ್ಷ ಪ್ರತಿ ಖರ್ಚಾಗುತ್ತಿದ್ದ ಪತ್ರಿಕೆ ಟೆಲಿವಿಷನ್ ಬಂದ ಮೇಲೆ ಇಳಿಯುತ್ತಿದೆ. ಮಿಸ್ಟರ್ ಆಲ್ಡನ್ ನನ್ನನ್ನು ಕರೆದು, “ಇದು ಹೆಂಗಸರ ಕಣ್ಣಲ್ಲಿ ನೀರು ತರಿಸ್ಬೇಕು, ಇಲ್ಲಾಂದ್ರೆ ನಾವೆಲ್ಲ ಮತ್ತೆ ಬಸ್ ಟಿಕೆಟೇ ಅಚ್ಚು ಹಾಕ್ಬೇಕಾಗುತ್ತೆ” ಎಂದರು. ಹೋದ ವಾರವೇ ಒಂದು ಬಹಳ ಒಳ್ಳೆಯ ಕಂತನ್ನು ಮುಗಿಸಿ ಅಚ್ಚಿಗೆ ಕೊಟ್ಟೆ. ಏನೆಂದು ಈಗ ಹೇಳುವುದಿಲ್ಲ.

ಭಾವ ಸಮುದ್ರದಲ್ಲಿದ್ದಾರೋ ಮನೆಯಲ್ಲೋ? ಅವರಿಗೆ ಸ್ವಲ್ಪ ಮಾತಾಡಲು ಬಿಡು, ಅಕ್ಕ. ನೀನು ಕೇಳಿದರೆ ಹೇಳಿಯಾರು.

ನಿನ್ನ
ಥೆಲ್ಮಾ


ಹಲ್
2 ಏಪ್ರಿಲ್ 1958

ಥೆಲ್ಮಾಗೆ,

ಗ್ವೆನ್ ಕೂದಲು ಕೆಂಪಾದರೆ ಅವಳು ಓವನ್ನಿನಲ್ಲಿಟ್ಟ ಚಪ್ಪಲಿ ನನ್ನ ಮನೆಯದಲ್ಲವೇ? ಎರಡನೆಯ ಕಂತು ಬಂದ ಶನಿವಾರ ನಾನು ಅಂಗಳದಲ್ಲಿ ಬಲೆ ಹೆಣೆಯುತ್ತ ಕೂತಿದ್ದೆ. ಪಕ್ಕದ ಮನೆಯ ಬೆಸ್ಸಿ ಹಾರ್ಕರ್ ಬೇಲಿಯ ಮೇಲಿಂದ ತಲೆ ಹಾಕಿ, “ಗ್ವೆನ್ನಮ್ಮ, ಇವತ್ತು ಚಪ್ಪಲಿ ಎಷ್ಟು ಹೊತ್ತು ಬೇಯಿಸ್ತೀಯಾ? ನಮ್ಮೋನಿಗೆ ಅರ್ಧ ಬೆಂದಿದ್ದೇ ಇಷ್ಟ” ಎಂದಳು. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಗದೆ ಏನು ಮಾಡಲಿ. ಮೀನಂಗಡಿಯ ಸಾಲಿನಲ್ಲಿ ನಿಂತಾಗ ಈಗ ನನಗೆ ಗ್ವೆನ್ ಎಂದೇ ಹೆಸರು.

ನನ್ನ ತಂಗಿ ಬರೆಯುತ್ತಾಳೆ ಎಂಬ ಹೆಮ್ಮೆಯೂ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಬರೆದದ್ದು ನಿನಗೆ. ಹಾಗೆ ಬೀದಿಗೆ ಹರಡುವುದಾದರೆ ಮೊದಲು ಒಂದು ಮಾತು ಕೇಳಬಹುದಿತ್ತು.

ವಿಲ್ಫ್ ಬಂದು ಹೋದ. ನೀನು ಹೇಳಿದೆಯೆಂದು ಕೇಳಿದೆ. “ಏನೂ ಇಲ್ಲ ಬಿಡೇ, ಸುಮ್ನಿರು” ಎಂದ. ಫೆಬ್ರವರಿಯಲ್ಲಿ ಹಳೆಯ ಗೆಳೆಯನನ್ನು ನೋಡಲೆಂದು ಒಂದು ದಿನ ಗ್ರಿಮ್ಸ್‌ಬಿಗೆ ಹೋಗಿ ಬಂದಾಗ ಸ್ವಲ್ಪ ಗೆಲುವಾಗಿದ್ದ, ಈಗ ಮತ್ತೆ ಹಾಗೇ. ಅಮ್ಮನ ಪೆಟ್ಟಿಗೆ ಯಾವಾಗ ಬರುತ್ತದೆ?

ಎಡ್ನಾ


ಹಲ್
25 ಏಪ್ರಿಲ್ 1958, ಶುಕ್ರವಾರ

ಥೆಲ್ಮಾ,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಸಿಟ್ಟಾಗಿದ್ದರೆ ಅದನ್ನೆಲ್ಲ ಈಗ ಬಿಟ್ಟುಬಿಡು. ಚಪ್ಪಲಿಯ ಮಾತು ನಾನು ಮರೆತೆ, ನೀನೂ ಮರೆ.

ವಿಲ್ಫ್ ಹಡಗಿನಲ್ಲಿಲ್ಲ. ಮಂಗಳವಾರ ಬೆಳಗ್ಗೆ ಎಂದಿನಂತೆ ಚೀಲ ತೆಗೆದುಕೊಂಡು ಟ್ಯಾಕ್ಸಿ ಹತ್ತಿದ. ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಇವತ್ತು ವಾರದ ಸಂಬಳಕ್ಕೆಂದು ಹಡಗಿನ ಆಫೀಸಿಗೆ ಹೋದರೆ ಕಿಟಕಿಯ ಹಿಂದಿನ ಗುಮಾಸ್ತ ದನಿ ತಗ್ಗಿಸಿ, “ಮಿಸೆಸ್ ಮಾರ್ಫಿಟ್, ನಿಮ್ಮ ಯಜಮಾನ್ರು ಹಡಗು ಹತ್ಲೇ ಇಲ್ವಲ್ಲಮ್ಮ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ವಿ” ಎಂದ. ಹಿಂದೆ ಸಾಲಿನಲ್ಲಿ ಬೆಸ್ಸಿ ಇದ್ದಳು. ನಾನು ಏನೋ ಮರೆತವಳ ಹಾಗೆ ನಕ್ಕು, ಹೌದು ಹೌದು, ಮೈ ಸರಿ ಇಲ್ಲ ಎಂದು ಹೇಳಿ ಬಂದೆ.

ಯಾರಿಗೂ ಹೇಳಿಲ್ಲ. ಹೇಳದೆ ಕೇಳದೆ ಹಡಗು ತಪ್ಪಿಸಿದವನನ್ನು ಕೋರ್ಟಿಗೆ ಎಳೆಯುತ್ತಾರೆ ಎಂಬುದು ಒಂದು ಕಡೆ. ಸಮುದ್ರಕ್ಕೆ ಹೆದರಿದ ಎಂದು ಈ ಬೀದಿ ಒಮ್ಮೆ ಅಂದರೆ ಅವನು ಮತ್ತೆ ಇಲ್ಲಿ ತಲೆ ಎತ್ತುವ ಹಾಗಿಲ್ಲ. ಅವನು ಬದುಕಿದ್ದಾನೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ನಿನ್ನನ್ನು ಬಿಟ್ಟರೆ ಕೇಳಲು ನನಗೆ ಯಾರಿದ್ದಾರೆ? ಏನು ಮಾಡಲಿ, ಹೇಳು.

ಎಡ್ನಾ


ಹಲ್
27 ಏಪ್ರಿಲ್ 1958

ಥೆಲ್ಮಾ,

ನಿನ್ನೆ ಪತ್ರಿಕೆ ಬಂತು. ನಾನು ತೆರೆದಿರಲಿಲ್ಲ. ಬೆಸ್ಸಿ ಬಂದು ಬಾಗಿಲು ಮುಚ್ಚಿ, ನಗದೆ, ನನ್ನ ಮುಂದೆ ಪುಟ ತೆಗೆದಿಟ್ಟಳು. ರಾಬರ್ಟ್ ಚೀಲ ಹೊತ್ತು ಟ್ಯಾಕ್ಸಿ ಹತ್ತುತ್ತಾನೆ. ಗ್ವೆನ್ ಒಲೆಯ ಕಡೆ ತಿರುಗಿ ನಿಂತಿರುತ್ತಾಳೆ. ಬಂದರಿನ ತಿರುವಿನಲ್ಲಿ ಅವನು ಡ್ರೈವರಿಗೆ, ಸ್ಟೇಷನ್ನಿಗೆ ನಡಿ ಎನ್ನುತ್ತಾನೆ. ಯಾವ ಹೆಂಡತಿಯೂ ಬಂದರಿಗೆ ಬರುವುದಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ.

“ಪಾಪ, ನಿನಗೆ ಗೊತ್ತಾಗಿದ್ದು ಇದನ್ನ ಓದಿಯಾ?” ಎಂದು ಬೆಸ್ಸಿ ಕೇಳಿದಳು. ಈಗ ಬೀದಿಗೆಲ್ಲ ಗೊತ್ತು.

ಇವತ್ತು ಅಚ್ಚಿಗೆ ಕೊಟ್ಟದ್ದು ನನ್ನ ಕೈ ಸೇರುವುದು ಏಳು ವಾರಕ್ಕೆ ಎಂದು ನೀನೇ ಬರೆದಿದ್ದೆ. ವಿಲ್ಫ್ ಹೋಗಿದ್ದು ಈ ಮಂಗಳವಾರ. ನೀನು ಬರೆದದ್ದು ಮಾರ್ಚ್ ಮೊದಲಲ್ಲಿ. ಏನೆಂದು ಈಗ ಹೇಳುವುದಿಲ್ಲ ಎಂದಿದ್ದೆಯಲ್ಲ, ಆ ಕಂತು ಇದೇ ತಾನೇ? ಅವನು ಹೋಗುತ್ತಾನೆಂದು ನಿನಗೆ ಗೊತ್ತಿತ್ತು. ಹತ್ತು ಲಕ್ಷ ಮನೆಗೆ ಹೇಳಿದೆ, ನನಗೊಬ್ಬಳಿಗೆ ಹೇಳಲಿಲ್ಲ.

ಅವನು ಎಲ್ಲಿದ್ದಾನೆ?

ಎಡ್ನಾ


ಲಂಡನ್
30 ಏಪ್ರಿಲ್ 1958

ಪ್ರೀತಿಯ ಅಕ್ಕ,

ಮೊದಲು ಇದನ್ನು ಓದು. ಭಾವ ಸುರಕ್ಷಿತವಾಗಿದ್ದಾರೆ. ಇಲ್ಲೇ ಲಂಡನ್ನಿನ ಡೆಪ್ಟ್‌ಫರ್ಡಿನ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದಾರೆ, ನದಿ ಕಾಣದ ಕಡೆ ರೂಮು ಮಾಡಿದ್ದಾರೆ.

ಕಾಕತಾಳೀಯ ಎಂದು ಬರೆಯಲು ಕೂತಿದ್ದೆ. ಎರಡು ಸಲ ಬರೆದು ಹರಿದೆ. ಫೆಬ್ರವರಿಯಲ್ಲಿ ಅವರು ಹೋಗಿದ್ದು ಗ್ರಿಮ್ಸ್‌ಬಿಗಲ್ಲ, ಬಂದಿದ್ದು ನನ್ನ ಆಫೀಸಿಗೆ. ಎದುರಿನ ಟೀ ಅಂಗಡಿಯಲ್ಲಿ ಕೂತು, “ನನಗೆ ಇನ್ನು ಹಡಗು ಹತ್ತೋಕಾಗಲ್ಲ ಥೆಲ್ಮಾ. ಹಗ್ಗದ ಮೇಲೆ ಹಿಮ ಕಟ್ಟೋ ಸದ್ದು ಮನೇಲೂ ಕೇಳುತ್ತೆ. ಎಡ್ನಾ ಮುಂದೆ ಹೇಳೋಕೂ ಆಗಲ್ಲ, ಅವಳು ಮೀನು ಹಡಗಿನೋನನ್ನ ಮದುವೆ ಆದೋಳು” ಎಂದು ಮಗುವಿನ ಹಾಗೆ ಅತ್ತರು. ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಹೋಗುವುದಾದರೆ ಹೇಗೆ ಎಂದೂ ಮಾತಾಡಿದೆವು. ಬಂದರಿಗೆ ಹೇಗೂ ಯಾರೂ ಬರುವುದಿಲ್ಲವಲ್ಲ ಎಂಬ ಮಾತು ಬಂತು. ಅದನ್ನು ಮೊದಲು ಅಂದದ್ದು ಅವರೋ ನಾನೋ, ಈಗ ನೆನಪಿಲ್ಲ.

ಅವರು ನಿಜವಾಗಿ ಹಾಗೆ ಮಾಡುತ್ತಾರೆಂದು ನಾನು ತಿಳಿದಿರಲಿಲ್ಲ. ನಿನಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಕಥೆಯಲ್ಲಿ ಹೇಳಿದೆ, ಓದಿದರೆ ನಿನಗೆ ಅರ್ಥವಾದೀತು ಎಂದುಕೊಂಡೆ. ಅವರ ಜೊತೆ ಮಾತಾಡು ಎಂದು ಪತ್ರದಲ್ಲೂ ಬರೆದಿದ್ದೆನಲ್ಲ.

ಇನ್ನೊಂದು ಹೇಳಬೇಕು, ತಪ್ಪು ತಿಳಿಯಬೇಡ. ಆ ಕಂತು ಬಂದ ಮೇಲೆ ಆಫೀಸಿಗೆ ಮೂಟೆಗಟ್ಟಲೆ ಪತ್ರ ಬರುತ್ತಿವೆ. ಎಲ್ಲರೂ ಕೇಳುವುದು ಒಂದೇ, ರಾಬರ್ಟ್ ವಾಪಸ್ ಬರಲಿ. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅವನು ಬರಬೇಕೆಂದು ಮಿಸ್ಟರ್ ಆಲ್ಡನ್ ತೀರ್ಮಾನಿಸಿದ್ದಾರೆ. ಆ ಬಾಗಿಲಲ್ಲಿ ಗ್ವೆನ್ ಏನು ಹೇಳಬೇಕೆಂದು ನನಗೆ ಹೊಳೆಯುತ್ತಿಲ್ಲ. ನೀನಾಗಿದ್ದರೆ ಏನು ಹೇಳುತ್ತಿದ್ದೆ, ಅಕ್ಕ? ನಿನ್ನ ಮಾತಿನಲ್ಲೇ ಅದು ಇರಲಿ ಎಂದು ನನ್ನ ಆಸೆ. ಭಾವನಿಗೂ ಅದು ತಲುಪುತ್ತದೆ.

ನಿನ್ನ
ಥೆಲ್ಮಾ


ಲಂಡನ್
22 ಮೇ 1958

ಅಕ್ಕ,

ದಿನಾ ಟಪಾಲು ನೋಡುತ್ತಿದ್ದೇನೆ. ಬೈದಾದರೂ ಒಂದು ಸಾಲು ಬರೆ.

ಅಚ್ಚಿನ ಮನೆ ಕಾಯುವುದಿಲ್ಲ, ಆದ್ದರಿಂದ ಕೊನೆಯ ಕಂತು ಬರೆದು ಕೊಟ್ಟೆ. ರಾಬರ್ಟ್ ಬೀದಿಯ ತುದಿಯಿಂದ ನಡೆದು ಬರುತ್ತಾನೆ, ಹೆಂಗಸರೆಲ್ಲ ಮೆಟ್ಟಿಲ ಮೇಲೆ ನಿಂತು ನೋಡುತ್ತಾರೆ. ಗ್ವೆನ್ ಬಾಗಿಲು ತೆರೆದು, ‘ಟೀಗೆ ನೀರಿಟ್ಟಿದ್ದೀನಿ, ಒಳಗೆ ಬಾ’ ಎನ್ನುತ್ತಾಳೆ. ಅಷ್ಟೇ. ಟೈಪು ಮಾಡಿದ ಹುಡುಗಿ ಅತ್ತಳು. ನೀನು ಹೇಳುತ್ತಿದ್ದುದೂ ಹೀಗೇ ಏನೋ ಇರಬೇಕೆಂದು ನನ್ನ ನಂಬಿಕೆ, ನಿನ್ನನ್ನು ನಾನು ಬಲ್ಲೆ.

ಅಮ್ಮನ ಸಂಚಿಕೆಗಳ ವಿಷಯ ಹೇಳಲು ನಾಚಿಕೆಯಾಗುತ್ತದೆ. ಚರಿತ್ರೆಯ ಪುಟಗಳಿಗೆ ಚಿತ್ರ ಬೇಕೆಂದು ಕಲಾವಿಭಾಗದವರು ಕೆಲವನ್ನು ಕತ್ತರಿಸಿಬಿಟ್ಟಿದ್ದಾರೆ. ನಾನು ಆ ದಿನ ರಜೆಯಲ್ಲಿದ್ದೆ. ಉಳಿದದ್ದನ್ನು ಕಳಿಸುತ್ತೇನೆ. ಪುಟಗಳು ಮಾತ್ರ ಬಹಳ ಚೆನ್ನಾಗಿ ಬಂದಿವೆ, ಅಮ್ಮ ನೋಡಿದ್ದರೆ ಹಿಗ್ಗುತ್ತಿದ್ದಳು.

ಥೆಲ್ಮಾ


ಹಲ್
19 ಜುಲೈ 1958

ಮಾನ್ಯ ಮಿಸೆಸ್ ಮೇ ಫೇರ್‌ವೆದರ್ ಅವರಿಗೆ,

ನಾನು ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲಿ ಒಬ್ಬಳು. ನನ್ನ ತಾಯಿ ಮೊದಲ ಸಂಚಿಕೆಯಿಂದ ಓದುತ್ತಿದ್ದರು. ನಿಮ್ಮ ಬೆಳ್ಳಿಹಬ್ಬದ ಸಂಚಿಕೆಯನ್ನು ಪೂರ್ತಿ ಓದಿದೆ. ಚರಿತ್ರೆ ಸೊಗಸಾಗಿದೆ. ಓದುಗರೇ ನಮ್ಮ ಕುಟುಂಬ ಎಂದು ಕೊನೆಯಲ್ಲಿ ಬರೆದಿದ್ದೀರಿ.

ಧಾರಾವಾಹಿಯ ಕೊನೆಯ ಬಗ್ಗೆ ಓದುಗರ ಅಭಿಪ್ರಾಯ ಕೇಳಿದ್ದೀರಿ, ಅದಕ್ಕೇ ಈ ಪತ್ರ.

ಸೋಮವಾರ ಮಧ್ಯಾಹ್ನ ನನ್ನ ಗಂಡ ಬೀದಿಯ ತುದಿಯಿಂದ ನಡೆದು ಬಂದ. ನಿಮ್ಮ ಸಂಚಿಕೆ ಸುರುಳಿಯಾಗಿ ಅವನ ಕೋಟಿನ ಜೇಬಿನಲ್ಲಿತ್ತು. ಹೆಂಗಸರೆಲ್ಲ ಮೆಟ್ಟಿಲ ಮೇಲೆ ಬಂದು ನಿಂತರು, ಬೆಸ್ಸಿ ಆಲೂಗಡ್ಡೆಯ ಬೋಗುಣಿ ಹಿಡಿದೇ ಬಂದಳು. ಎಲ್ಲರೂ ಶನಿವಾರವೇ ಓದಿದ್ದರು. ನಾನು ಬಾಗಿಲು ತೆರೆದೆ. ಅವನು ನನ್ನ ಬಾಯನ್ನೇ ನೋಡುತ್ತ ನಿಂತ. ಆ ಮಾತು ಬರಲಿ ಎಂದು ಇಡೀ ಬೀದಿ ಉಸಿರು ಬಿಗಿಹಿಡಿದು ಕಾಯಿತು. ನನಗೆ ಹೇಗಾಗಿರಬೇಕು ನೀವೇ ಯೋಚಿಸಿ. ನನ್ನ ಮನೆಯ ಹೊಸ್ತಿಲಲ್ಲಿ, ನನ್ನ ಗಂಡನಿಗೆ ಆಡಬೇಕಾದ ಮೊದಲ ಮಾತನ್ನು ನೀವು ಹತ್ತು ಲಕ್ಷ ಜನಕ್ಕೆ ಮಾರಿ ಮುಗಿಸಿದ್ದಿರಿ. ನನ್ನ ಪಾಲಿಗೆ ಏನೂ ಉಳಿದಿರಲಿಲ್ಲ.

“ಎಡ್ನಾ, ನೀನು ಥೆಲ್ಮಾ ಕೈಲಿ ಹೇಳಿ ಕಳಿಸಿದ್ದು ಓದಿದೆ” ಎಂದ ಅವನು.

“ನಾನು ಯಾರ ಕೈಲೂ ಏನೂ ಹೇಳಿ ಕಳಿಸಿಲ್ಲ” ಎಂದೆ.

ಅವನ ಮುಖ ಬಿಳಿಚಿಕೊಂಡಿತು. ನಿಮ್ಮ ಮಾತು ನಂಬಿ ರೈಲು ಹತ್ತಿದ್ದ ಪಾಪದವನು. ಆಗ ಒಂದು ಪ್ರಶ್ನೆ ಕೇಳಿದೆ. ಬಂದರಿಗೆ ಯಾರೂ ಬರುವುದಿಲ್ಲ ಎಂಬ ಮಾತನ್ನು ಮೊದಲು ಅಂದದ್ದು ಯಾರು ಎಂದು. ನಿಮಗೆ ನೆನಪಿಲ್ಲವೆಂದು ಬರೆದಿದ್ದಿರಿ. ಅವನಿಗೆ ನೆನಪಿದೆ. “ನಾನು ಸುಮ್ನೆ ಅಳ್ತಾ ಕೂತಿದ್ದೆ. ಅವಳೇ ಅಂದಿದ್ದು. ಅಂದ್ಬಿಟ್ಟು ಪರ್ಸಿಂದ ಪೆನ್ಸಿಲ್ ತೆಗೆದು ಏನೋ ಗೀಚ್ಕೊಂಡಳು” ಎಂದ.

ಅವನು ಹೇಡಿಯಾಗಿ ಓಡಿದ. ಅದನ್ನು ನಾನು ಅವನ ಜೊತೆ ಜಗಳವಾಡಿ ತೀರಿಸಿಕೊಳ್ಳಬಲ್ಲೆ, ಅವನು ನನ್ನ ಗಂಡ. ಅವನು ಅಳುತ್ತಿದ್ದಾಗ ಪೆನ್ಸಿಲ್ ತೆಗೆದವಳ ಜೊತೆ ಏನೆಂದು ಜಗಳವಾಡಲಿ?

ಆಮೇಲೆ ನಾನು ಅವನಿಗೊಂದು ಮಾತು ಹೇಳಿದೆ. ನೀರಿಟ್ಟಿದ್ದೀನಿ ಎಂದಲ್ಲ. ಅದನ್ನು ಕೇಳಿ ಅವನು ಒಳಗೆ ಬಂದನೋ, ಬಂದ ದಾರಿಯಲ್ಲೇ ಹೋದನೋ, ಬೀದಿಯವರೆಲ್ಲ ಕಣ್ಣಾರೆ ನೋಡಿದ್ದಾರೆ. ನೀವು ಅವರಲ್ಲಿ ಯಾರಿಗಾದರೂ ಬರೆದು ಕೇಳುತ್ತೀರೆಂದು ನನಗೆ ಗೊತ್ತು, ಕೇಳಿ. ನಿಮ್ಮ ಧಾರಾವಾಹಿಯನ್ನು ಎಲ್ಲರಿಗಿಂತ ಹೆಚ್ಚು ಓದಿದವಳು ಬೆಸ್ಸಿ. ಆ ಸಂಜೆ ಅವಳು ಮನೆಮನೆಗೆ ಹೋಗಿ, “ಈ ಬೀದಿಯಿಂದ ಅವಳಿಗೆ ಇನ್ನೊಂದು ಅಕ್ಷರ ಹೋಗಕೂಡದು” ಎಂದು ಹೇಳಿ ಬಂದಿದ್ದಾಳೆ.

ಇತಿ
ಮಿಸೆಸ್ ಇ. ಮಾರ್ಫಿಟ್